ಪಿಕಪ್ಪಿನ ಹಿಂದಿನ ಗಾಜು

ಮೊನ್ನೆ ಮಸ್ಕತ್ತಿನ ಅಲ್ ಅಜೈಬಾದ ಪೆಟ್ರೋಲ್ ಬಂಕಿನಲ್ಲಿ ನಮ್ಮ ಪಕ್ಕಕ್ಕೆ ಒಂದು ಟ್ರೇಲರ್ ಲಾರಿ ಬಂದು ನಿಂತಿತು. ಎಲ್ಲಿಂದ ಇಳಿದು ಬಂದಿತ್ತೋ, ಬ್ರೇಕ್ ಕಾದು ಸುಟ್ಟ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಕಾರಿನ ಗಾಜು ಏರಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಆ ವಾಸನೆ ಒಮ್ಮೆ ಒಳಗೆ ಬಂತೆಂದರೆ ಅದರ ಹಿಂದೆಯೇ ಆ ವರ್ಷದ ಸಲಾಲಾ ಪೂರ್ತಿ ಒಳಗೆ ನುಗ್ಗುತ್ತದೆ. ಆ ಮಂಜು, ಆ ಕೆಸರು, ನಿಲ್ಲದೆ ಬಡಿದುಕೊಳ್ಳುತ್ತಿದ್ದ ಆ ಹಾರ್ನು. ಪಕ್ಕದಲ್ಲಿದ್ದ ನಮ್ಮವರು ಟ್ಯಾಂಕು ತುಂಬುವ ಮೊದಲೇ ಬಂಕಿನವನಿಗೆ "ಸಾಕು, ಖಲಾಸ್" ಎಂದು ಹೇಳಿ ಗಾಡಿ ತೆಗೆದುಬಿಟ್ಟರು.

ನಮ್ಮವರು ಎಂದರೆ ಮಲ್ಲಿಕಾರ್ಜುನ ಪಾಟೀಲರು. ಊರು ಗದಗಿನ ಹತ್ತಿರ. ಇಲ್ಲಿ ತೈಲ ಬಾವಿಗಳ ಪಂಪು ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಎಂಜಿನಿಯರು. ಮನುಷ್ಯ ಒಳ್ಳೆಯವರೇ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನದೇನು ಕಡಿಮೆಯೇ? ನಾನೂ ಧಾರವಾಡದವಳು. ನಾವಿಬ್ಬರೂ ಜಗಳಕ್ಕೆ ನಿಂತರೆ ಕೆಳಗಿನ ಮನೆಯ ಈಜಿಪ್ಟಿನವರು ಟೀವಿಯ ಸದ್ದು ಕಡಿಮೆ ಮಾಡಿ ಕೇಳುತ್ತಿದ್ದರು. ಒಂದಕ್ಷರ ಅರ್ಥವಾಗದಿದ್ದರೂ ಕೇಳುತ್ತಿದ್ದರು!

ಆ ವರ್ಷ ನಮ್ಮ ಮನೆಯ ಜಗಳಕ್ಕೆಲ್ಲ ಕಾರಣ ಒಂದು ಕಾರವಾನು. ಕಂಪನಿಯಲ್ಲಿದ್ದ ಬಿಳಿ ಸಾಹೇಬನೊಬ್ಬ ದೇಶ ಬಿಟ್ಟು ಹೋಗುವಾಗ ಅದನ್ನು ನಮ್ಮವರ ಕೊರಳಿಗೆ ಕಟ್ಟಿ ಹೋದ. ಮಲಗುವ ಕೋಣೆ, ಅಡುಗೆ ಕಟ್ಟೆ, ಪಾಯಿಖಾನೆ ಎಲ್ಲ ಇರುವ ಚಕ್ರದ ಮನೆ. ಕಾರಿನ ಬೆನ್ನಿಗೆ ಕಟ್ಟಿ ಎಳೆಯುವಂಥದಲ್ಲ. ಅದರ ಮುಂಭಾಗ ಪಿಕಪ್ಪಿನ ಹಿಂದಿನ ತೊಟ್ಟಿಯ ಮೇಲೆ ಚಾಚಿಕೊಂಡು ಬರುತ್ತದೆ. ತೊಟ್ಟಿಯ ನಡುವೆ ಒಂದು ದಪ್ಪ ಕಬ್ಬಿಣದ ತಟ್ಟೆ ಕೂರಿಸಿರುತ್ತಾರೆ, ಅದರ ಬಾಯಿ ಕಾರವಾನಿನ ಗೂಟವನ್ನು ಕಚ್ಚಿ ಹಿಡಿಯುತ್ತದೆ. ದೊಡ್ಡ ಟ್ರೇಲರ್ ಲಾರಿಗಳಲ್ಲಿ ಇರುವುದೂ ಇದೇ. ಫಿಫ್ತ್ ವೀಲ್ ಎನ್ನುತ್ತಾರೆ. ಉದ್ದ ತೊಟ್ಟಿಯ ಪಿಕಪ್ಪಾದರೆ ಏನೂ ತಾಪತ್ರಯವಿಲ್ಲ. ನಮ್ಮದು ನಾಲ್ಕು ಬಾಗಿಲಿನ, ಗಿಡ್ಡ ತೊಟ್ಟಿಯ ಪಿಕಪ್ಪು. ಕಾರವಾನಿನ ಮೂತಿಗೂ ನಾವು ಕೂರುವ ಕ್ಯಾಬಿನ್ನಿಗೂ ನಡುವೆ ಜಾಗವೇ ಇಲ್ಲ. ನೇರ ರಸ್ತೆಯಲ್ಲಿ ಪರವಾಗಿಲ್ಲ. ಜೋರಾಗಿ ತಿರುಗಿಸಿದರೆ ಕಾರವಾನಿನ ಮೂಲೆ ಹಿಂದಿನ ಗಾಜಿಗೆ ಬಂದು ಗುದ್ದುತ್ತದೆ.

ಆ ಗಾಜಿನ ಮುಂದೆ ಕೂರುವವಳು ನನ್ನ ಮಗಳು.

"ಅದಕ್ಕೂ ಉಪಾಯ ಐತಿ," ಎಂದರು ನಮ್ಮವರು. ವಾದಿ ಅದಾಯ್‌ನ ವರ್ಕ್‌ಶಾಪೊಂದರಲ್ಲಿ ಜಾರುವ ತಟ್ಟೆ ಹಾಕಿಸಿಕೊಂಡು ಬಂದರು. ಹೈವೇಯಲ್ಲಿ ತಟ್ಟೆ ಮುಂದಿರಬೇಕು, ಭಾರ ಚಕ್ರದ ಮೇಲೆ ಬೀಳಲು. ಇಕ್ಕಟ್ಟಿನಲ್ಲಿ ತಿರುಗಿಸುವ ಮೊದಲು ಇಳಿದು, ಹಿಡಿಕೆ ಎಳೆದು, ಕಾರವಾನಿನ ಬ್ರೇಕು ಹಿಡಿದು, ಪಿಕಪ್ಪನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರೆ ತಟ್ಟೆ ಹಿಂದಕ್ಕೆ ಜಾರುತ್ತದೆ, ನಡುವೆ ಜಾಗವಾಗುತ್ತದೆ. ನನಗೆ ಮೂರು ಸಲ ಮಾಡಿ ತೋರಿಸಿದರು.

"ಮರೆತ್ರ?" ಎಂದೆ.

"ನಾ ಮರಿಯಾಂವಲ್ಲ."

"ಜಾರದಿದ್ರ?"

"ಯಾಕ ಜಾರೂದಿಲ್ಲ? ನಿನ್ನ ಬಾಯಾಗ ಒಳ್ಳೇ ಮಾತು ಒಂದರೆ ಬರತೈತೇನು?"

ಅದಕ್ಕೆ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆದರೂ ಅವರನ್ನು ಬೇಜವಾಬ್ದಾರಿ ಎಂದು ಹೇಳಲಾರೆ. ಗೂಟ ಕಚ್ಚಿಸಿದ ಮೇಲೆ ಬಾಯಿ ಸರಿಯಾಗಿ ಮುಚ್ಚಿದೆಯೇ ಎಂದು ಟಾರ್ಚು ಬಿಟ್ಟು ನೋಡುವರು. ಕಾರವಾನಿನ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ಪಿಕಪ್ಪಿನಿಂದ ಒಮ್ಮೆ ಜಗ್ಗಿ ನೋಡುವರು. ತಪ್ಪಿಸಿಕೊಂಡರೆ ತಾನೇ ಬ್ರೇಕು ಹಿಡಿಯುವ ತಂತಿ, ದೀಪದ ವೈರು, ಟೈರಿನ ಗಾಳಿ, ಒಂದನ್ನೂ ಬಿಡುವವರಲ್ಲ. ಇಷ್ಟೆಲ್ಲ ಮಾಡುವ ಮನುಷ್ಯನಿಂದ ಏನಾದೀತು ಎಂದು ನಾನೂ ಒಪ್ಪಿಕೊಂಡೆ. ಶಾಲೆಗೆ ರಜೆ ಬಿದ್ದಿತ್ತು. ಮಸ್ಕತ್ತಿನ ಬಿಸಿಲಿಗೆ ಬಾಗಿಲ ಹಿಡಿ ಮುಟ್ಟಿದರೂ ಚುರುಕ್ಕೆನ್ನುತ್ತಿತ್ತು. ಸಲಾಲಾದಲ್ಲಿ ಖರೀಫ್, ಅಂದರೆ ಅಲ್ಲಿನ ಮಳೆಗಾಲ, ಶುರುವಾಗಿತ್ತು, ಗುಡ್ಡವೆಲ್ಲ ಹಸಿರು, ದಿನವಿಡೀ ಜಿಟಿಜಿಟಿ. ಮಗಳು ಅನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಮಳೆಯಲ್ಲಿ ನೆನೆಯಬೇಕು ಅನ್ನುವುದು ಅವಳ ಆಸೆ.

ನಮ್ಮ ಜೊತೆ ಬರುವವರು ಎದುರು ಮನೆಯ ಸಂಜೀವ ಶೆಟ್ಟರು, ನನ್ನ ಬಾಯಲ್ಲಿ ಸಂಜೀವಣ್ಣ. ಕಾರ್ಕಳದ ಕಡೆಯವರು, ಶಿಪ್ಪಿಂಗ್ ಆಫೀಸೊಂದರಲ್ಲಿ ಕೆಲಸ. ಹೆಂಡತಿ ವನಿತಕ್ಕ. ಮಕ್ಕಳಿಲ್ಲ. ನಾನು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಸಂಜೆಯವರೆಗೆ ದುಡಿಯುವವಳು, ಆದ್ದರಿಂದ ಅನು ಶಾಲೆಯಿಂದ ನೇರ ವನಿತಕ್ಕನ ಮನೆಗೆ ಹೋಗುತ್ತಿದ್ದಳು. ಅಲ್ಲೇ ಊಟ, ಅಲ್ಲೇ ಹೋಂವರ್ಕು, ಅಲ್ಲೇ ನಿದ್ದೆ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ವನಿತಕ್ಕನ ಜೊತೆ ತುಳು ಮಾತಾಡುತ್ತಿದ್ದಳು. ವನಿತಕ್ಕ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಬಾಲೆ' ಎನ್ನುತ್ತಿದ್ದರು. ಮಗು ಎಂದು ಅರ್ಥ. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ?

ವನಿತಕ್ಕನಿಗೆ ದೂರದ ದಾರಿ ಆಗುವುದಿಲ್ಲ, ಗಾಡಿ ಹತ್ತಿದರೆ ವಾಂತಿ. ನಾವು ಸಲಾಲಾ ಮುಟ್ಟುವ ದಿನ ಅವರು ವಿಮಾನದಲ್ಲಿ ಬರುವುದು ಎಂದಾಯಿತು.

ಹೊರಡುವ ಮೊದಲಿನ ಶುಕ್ರವಾರ ಅಜೈಬಾದ ಬಯಲೊಂದರಲ್ಲಿ ಇಬ್ಬರು ಗಂಡಸರೂ ಕಾರವಾನು ಹಿಂದಕ್ಕೆ ತೆಗೆಯುವ ಅಭ್ಯಾಸ ಮಾಡಿದರು. ನಮ್ಮವರು ಸ್ಟಿಯರಿಂಗಿನಲ್ಲಿ, ಸಂಜೀವಣ್ಣ ಕೆಳಗೆ ನಿಂತು ದಾರಿ ಹೇಳುವವರು. ಸಂಜೀವಣ್ಣ ಎಡ ಎಂದರೆ ನಮ್ಮವರು ಬಲಕ್ಕೆ ತಿರುಗಿಸುವುದು, ಬಲ ಎಂದರೆ ಎಡಕ್ಕೆ. ಎದುರುಬದುರು ನಿಂತವರಿಗೆ ಎಡಬಲ ಅದಲುಬದಲು. ಗುರುತಿಗೆ ಇಟ್ಟಿದ್ದ ಖಾಲಿ ಡ್ರಮ್ಮುಗಳಲ್ಲಿ ಒಂದು ಚಪ್ಪಟೆಯಾಯಿತು, ಇಬ್ಬರ ಗಂಟಲೂ ಕಟ್ಟಿತು.

ಕೊನೆಗೆ ನಮ್ಮವರು ಇಳಿದು ಬಂದು, "ಶೆಟ್ರ, ಎಡಾ ಬಲಾ ಬ್ಯಾಡ. ನಿಮ್ಮ ಕಡೆ ತಿರಗಸಬೇಕಂದ್ರ 'ಇತ್ತ' ಅನ್ರಿ. ಆ ಕಡೆ ಅಂದ್ರ 'ಅತ್ತ' ಅನ್ರಿ. ನಿಲ್ಲಬೇಕಂದ್ರ ಸ್ಟಾಪ್. ಮೂರ ಮಾತು, ಮುಗೀತು," ಎಂದರು.

"ಅಷ್ಟೇ ಅಲ್ವಾ ಮಾರಾಯ್ರೆ, ಇದು ಮೊದ್ಲೇ ಹೇಳುದಲ್ವಾ," ಎಂದು ಸಂಜೀವಣ್ಣ ನಕ್ಕರು. ಇತ್ತ, ಅತ್ತ, ಸ್ಟಾಪ್. ಆಮೇಲೆ ಒಂದು ಡ್ರಮ್ಮಿಗೂ ತಾಗಲಿಲ್ಲ. ಅನು ಸಂಜೀವಣ್ಣನ ಕಾರಿನ ಬಾನೆಟ್ಟಿನ ಮೇಲೆ ಕೂತು ಚಪ್ಪಾಳೆ ತಟ್ಟಿದಳು.

ನಸುಕಿನಲ್ಲಿ ಹೊರಟೆವು, ಗಂಡಸರಿಬ್ಬರೂ ಮುಂದೆ, ನಾನೂ ಅನುವೂ ಹಿಂದೆ. ಆದಮ್ ಎಂಬ ಊರು ದಾಟಿದ ಮೇಲೆ ಮರಳುಗಾಡು ಶುರು. ಬಿಸಿಲು ಏರಿದ ಹಾಗೆ ಗಾಳಿಯೂ ಎದ್ದಿತು. ಪಿಕಪ್ಪಿಗೆ ಅದೇನೂ ಅಲ್ಲ, ಕಾರವಾನಿನ ಅಗಲವಾದ ಪಕ್ಕೆಗೆ ಅದು ಗೋಡೆಗೆ ಹೊಡೆದ ಹಾಗೆ ಹೊಡೆಯುತ್ತಿತ್ತು. ಹೊಡೆದಾಗಲೆಲ್ಲ ಗಾಡಿಯ ಹಿಂಭಾಗ ಕೊಸರುವುದು, ಕಬ್ಬಿಣದ ತಟ್ಟೆ ಕರ್ ಎಂದು ಹಲ್ಲು ಕಡಿಯುವುದು, ಅದು ನಮ್ಮ ಬೆನ್ನಿಗೇ ಕೇಳುವುದು. ಎದುರಿನಿಂದ ಪೈಪು ತುಂಬಿದ ಲಾರಿ ಬರ್ರೆಂದು ಹಾದುಹೋದರೆ ಮೊದಲು ಗಾಳಿ ನಮ್ಮನ್ನು ಆಚೆ ನೂಕಿ, ಮರುಗಳಿಗೆ ಈಚೆ ಎಳೆಯುತ್ತಿತ್ತು. ನಮ್ಮವರ ತೋಳಿನ ನರ ಉಬ್ಬಿ ನಿಂತಿದ್ದವು. ನಾನು ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದರಲ್ಲಿ ಅನುವಿನ ರಟ್ಟೆ ಹಿಡಿದು ಕೂತಿದ್ದೆ.

"ಸ್ಪೀಡು ಕಮ್ಮಿ ಮಾಡ್ರಿ," ಎಂದೆ.

"ಎಷ್ಟ ಕಮ್ಮಿ ಮಾಡ್ಲಿ? ಇಳದು ನೂಕ್ಲೇನು?"

ರಾತ್ರಿ ತಂಗಬೇಕಿದ್ದ ಹೈಮಾ ಇನ್ನೂ ದೂರವಿರುವಾಗ ಕಾರವಾನಿನ ಪಕ್ಕದಲ್ಲಿ ಸುತ್ತಿಟ್ಟಿದ್ದ ನೆರಳಿನ ಬಟ್ಟೆ ಬಿಚ್ಚಿಕೊಂಡಿತು. ಗಾಳಿ ಅದರೊಳಗೆ ಹೊಕ್ಕು ಫಟ್ಟೆಂದು ಹರಿದು, ಅದರ ಅಲ್ಯೂಮಿನಿಯಂ ಸರಳು ಕಾರವಾನಿನ ಮೈಗೆ ಧಬಧಬ ಬಡಿಯತೊಡಗಿತು. ನಿಲ್ಲಿಸಿದರು. ಇಬ್ಬರೂ ಇಳಿದು ಹಿಡಿಯಲು ಹೋದರೆ ಆ ಸರಳು ಬೀಸಿ ಬಂದು ಸಂಜೀವಣ್ಣನ ಹಣೆಗೆ ಹೊಡೆಯಿತು. ರಕ್ತ ಹುಬ್ಬಿನಿಂದ ಗದ್ದಕ್ಕಿಳಿದರೂ ಅವರು ಸರಳು ಬಿಡಲಿಲ್ಲ. ನಮ್ಮವರು ಚಾಕುವಿನಿಂದ ಬಟ್ಟೆಯನ್ನೇ ಕೊಯ್ದು ಹಾಕಿದರು. ಕೊಯ್ದ ಬಟ್ಟೆ ಹಾರಿಹೋಗಿ ಕಣ್ಣಿಗೆ ಕಾಣದಾಯಿತು. ನಾನು ಸಂಜೀವಣ್ಣನ ಹಣೆಗೆ ನನ್ನ ದುಪಟ್ಟಾ ಕಟ್ಟಿದೆ.

"ಎಂತ ಇಲ್ಲ ಅಕ್ಕ, ಸ್ವಲ್ಪ ಚರ್ಮ ಹೋದದ್ದು," ಎಂದರು ಅವರು. ಆಮೇಲೆ ನಮ್ಮವರ ಕಡೆ ತಿರುಗಿ, "ಪಾಟೀಲ್ರೇ, ಹಿಂದೆ ಹೋಗುವನಾ?" ಎಂದು ಕೇಳಿದರು.

"ಯಾಕ, ಹೆದರಿದ್ರೇನು?"

"ಹೆದರಿಕೆ ನನಗಲ್ಲ. ಮಗು ಉಂಟಲ್ಲ ಹಿಂದೆ."

ಅಷ್ಟಕ್ಕೇ ನಮ್ಮವರಿಗೆ ಉರಿದುಹೋಯಿತು. ನನ್ನ ಮಗಳ ಚಿಂತೆ ನನಗಿಲ್ಲವೇನು ಎಂದು ಆ ಬಯಲಿನಲ್ಲೇ ಚೀರಾಡಿದರು. ಸಂಜೀವಣ್ಣ ಗಾಡಿ ಹತ್ತಿದರು. ಮುಂದೆ ಸ್ವಲ್ಪ ದೂರದಲ್ಲಿ ರಸ್ತೆ ಬದಿಗೆ ಒಂದು ಕಾರು, ಅದರ ಮುಂದಿನ ಗಾಜಿನೊಳಕ್ಕೇ ಹೊಕ್ಕು ಸತ್ತಿದ್ದ ಒಂದು ಒಂಟೆ. ಅದರ ಕಾಲುಗಳು ಇನ್ನೂ ಹೊರಗೆ ಚಾಚಿದ್ದವು. ನಾನು ಅನುವಿನ ಕಣ್ಣು ಮುಚ್ಚಿದೆ. "ಐ ಸಾ ಇಟ್, ಮಮ್ಮಿ," ಎಂದಳು ನನ್ನ ಅಂಗೈಯೊಳಗಿಂದ.

ರಾತ್ರಿ ಹೈಮಾದಲ್ಲಿ ತಂಗಿ, ಮರುದಿನ ಮಧ್ಯಾಹ್ನ ಥುಮ್ರೈತ್ ದಾಟಿದೆವು. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ನೆಲವೇ ಬೇರೆ. ಈಗಿನವರೆಗೆ ಉರಿಯುತ್ತಿದ್ದ ಕಲ್ಲು, ಒಂದೇ ತಿರುವಿನಲ್ಲಿ ಬಿಳಿ ಮಂಜು. ಘಾಟಿ ಇಳಿಯುವಾಗ ಕಾರವಾನಿನ ಭಾರ ಪೂರ್ತಿ ಬೆನ್ನ ಮೇಲೆ. ನಮ್ಮವರು ಗೇರು ಇಳಿಸಿ ಇಳಿಸಿ ಬಂದರೂ ಬ್ರೇಕು ಕಾದು ಆ ವಾಸನೆ ಕ್ಯಾಬಿನ್ನಿನೊಳಗೆ ತುಂಬಿಕೊಂಡಿತು. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಅನು ಗಾಜಿಳಿಸಿ ಕೈ ಹೊರಚಾಚಿ, "ಇಟ್ಸ್ ರೇನಿಂಗ್! ಮಮ್ಮಿ, ಇಟ್ಸ್ ರಿಯಲಿ ರೇನಿಂಗ್!" ಎಂದು ಕಿರುಚಿದಳು. ನಾಲ್ಕೂ ಜನ ನಕ್ಕೆವು. ಆ ಪ್ರವಾಸದಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಕಾರವಾನು ನಿಲ್ಲಿಸುವ ಬಯಲಿಗೆ ಹೋಗುವ ತಿರುವು ಮಂಜಿನಲ್ಲಿ ತಪ್ಪಿತು. ಫೋನಿನ ನಕ್ಷೆ ತೋರಿಸಿದ ಕಚ್ಚಾ ದಾರಿಯಲ್ಲಿ ಹೋದೆವು. ಅದು ಕಿರಿದಾಗುತ್ತಾ ಹೋಗಿ ಒಂದು ದನದ ದೊಡ್ಡಿಯ ಬೇಲಿಗೆ ಮುಗಿಯಿತು. ಬಲಕ್ಕೆ ಗುಡ್ಡ. ಎಡಕ್ಕೆ ಇಳಿಜಾರು, ಎಷ್ಟು ಆಳವೋ ಮಂಜಿನಲ್ಲಿ ದೇವರಿಗೇ ಗೊತ್ತು. ಕೆಳಗೆ ಕೆಂಪು ಕೆಸರು. ತಿರುಗಿಸಲೇಬೇಕು. ಸ್ವಲ್ಪ ಹಿಂದೆ ದಾರಿ ಅಗಲವಾಗಿದ್ದ ಕಡೆ ಕಾರವಾನಿನ ಬಾಲ ತೂರಿಸಿ ಮೂತಿ ತಿರುಗಿಸಬೇಕು, ಬೇರೆ ದಾರಿಯಿಲ್ಲ.

ನಮ್ಮವರು ಮರೆಯಲಿಲ್ಲ, ಅದನ್ನು ಹೇಳಲೇಬೇಕು. ಇಳಿದು ಹಿಡಿಕೆ ಎಳೆದು ಬಂದರು, ಕಾರವಾನಿನ ಬ್ರೇಕು ಹಿಡಿದು ಪಿಕಪ್ಪನ್ನು ಮುಂದಕ್ಕೆ ಬಿಟ್ಟರು. ಚಕ್ರ ಗಿರ್ರನೆ ಕೆಸರಲ್ಲಿ ತಿರುಗಿತೇ ಹೊರತು ತಟ್ಟೆ ಕದಲಲಿಲ್ಲ. ಎರಡು ದಿನದ ಮರಳೆಲ್ಲ ಆ ಜಾರುವ ಹಳಿಯೊಳಗೆ ಕೂತಿತ್ತು. ಗುದ್ದಿದರು, ಒದ್ದರು, ಇಬ್ಬರೂ ಸೇರಿ ಸರಳು ಹಾಕಿ ಮೀಟಿದರು. ಊಹೂಂ.

ಅಷ್ಟರಲ್ಲಿ ಹಿಂದಿನಿಂದ ದೊಡ್ಡಿಗೆ ನೀರು ತರುವ ಟ್ಯಾಂಕರು ಬಂದು ಆ ಅಗಲದ ಜಾಗದಾಚೆ ನಿಂತಿತು. ದಾರಿ ಕಟ್ಟಿಹೋಯಿತು. ಅದರ ಡ್ರೈವರು ಪಠಾಣ, ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ತಲೆ ಹೊರಹಾಕಿ "ಯಲ್ಲಾ! ಯಲ್ಲಾ!" ಎಂದು ಅವಸರಪಡಿಸಿದ.

"ನಾನು ಅನೂನ ಕರಕೊಂಡು ಇಳೀತೀನಿ," ಎಂದೆ. ಬಾಗಿಲು ತೆರೆದೆ. ಕಾಲಿಟ್ಟಲ್ಲಿ ಮೊಳಕಾಲವರೆಗೆ ಕೆಸರು, ಮುಂದಿನ ಹೆಜ್ಜೆಗೆ ಗುಡ್ಡವೇ ಅಡ್ಡ.

"ಒಳಗ ಕುಂದ್ರು!" ಎಂದು ನಮ್ಮವರು ಗದರಿದರು. "ಕಾರವಾನು ಜಾರಿದ್ರ ನಿಮ್ಮಿಬ್ಬರನ್ನೂ ಅರದು ಹಾಕತೈತಿ. ಒಳಗ ಇರೋದ ಚಲೋ. ಶೆಟ್ರ, ನನಗ ಹಿಂದ ಏನೂ ಕಾಣಾಂಗಿಲ್ಲ. ಮೂಲಿಗೂ ಗಾಜಿಗೂ ನಡುವ ಎಷ್ಟ ಜಾಗಾ ಐತಿ ನೋಡಕೋತ ಹೇಳ್ರಿ. ನೀವು ಅಂದಂಗ ನಾ ತಿರಗಸ್ತೀನಿ."

"ಆಯ್ತು. ಮೆಲ್ಲ ಹೋಗುವ," ಎಂದು ಸಂಜೀವಣ್ಣ ಡ್ರೈವರ್ ಬದಿಯಲ್ಲಿ, ಇಳಿಜಾರಿನ ಅಂಚಿನಲ್ಲಿ ಹೋಗಿ ನಿಂತರು. ಹಣೆಗೆ ಕಟ್ಟಿದ ನನ್ನ ದುಪಟ್ಟಾ ಒದ್ದೆಯಾಗಿ ಕಣ್ಣ ಮೇಲೆ ಇಳಿಯುತ್ತಿತ್ತು.

ಮೆಲ್ಲಗೇ ಶುರುವಾಯಿತು. "ಅತ್ತ... ಅತ್ತ... ಸಾಕು, ಇತ್ತ... ಇತ್ತ ಬನ್ನಿ..." ಪಿಕಪ್ಪು ಗೇಣು ಗೇಣಾಗಿ ಹಿಂದೆ ಸರಿಯಿತು. ನನ್ನ ಎಡಗೈ ಅನುವಿನ ಹೆಗಲ ಮೇಲಿತ್ತು. ಅವಳು ಅಪ್ಪನ ಬೆನ್ನ ಹಿಂದಿನ ಸೀಟಿನಲ್ಲಿ, ಎಡಕ್ಕೆ. ನಾನು ಬಲಕ್ಕೆ. ಹಾರ್ನು ಹೊಡೆಯುತ್ತಲೇ ಇತ್ತು. ಗಾಜಿನಲ್ಲಿ ಕಾರವಾನಿನ ಬಿಳಿ ಮೂತಿ ಎಡಗಡೆ ದೊಡ್ಡದಾಗುತ್ತಿತ್ತು.

ಸಂಜೀವಣ್ಣ "ಇತ್ತ!" ಎಂದರು. ಹಾರ್ನಿನಲ್ಲಿ ಅದು ಮುಳುಗಿತು. ನಮ್ಮವರು ಸ್ಟಿಯರಿಂಗ್ ಅತ್ತ ಕಡೆಗೇ ಎಳೆದರು. ಆಗ ಸಂಜೀವಣ್ಣ ಎರಡೂ ಕೈ ಬೀಸುತ್ತಾ ಗಂಟಲು ಹರಿಯುವಂತೆ ಕೂಗಿದರು:

"ಅತ್ತ್! ಅತ್ತ್! ಅತ್ತ್!"

ಅತ್ತ. ನನಗೂ ಹಾಗೇ ಕೇಳಿಸಿತು. ನಮ್ಮವರು ಕೊನೆಯವರೆಗೂ ತಿರುಗಿಸಿ ಆಕ್ಸಿಲರೇಟರ್ ಒತ್ತಿದರು. ಅನು ಹಿಂದಕ್ಕೆ ತಿರುಗಿ ಗಾಜಿಗೆ ಮುಖ ಹಚ್ಚಿ ನೋಡಿದವಳು, "ನೋ ಪಪ್ಪಾ, ನೋ! ನೋ ಅಂತಿದಾರೆ—" ಎಂದಳು.

ಇಡೀ ಗಾಜು ಒಳಗೆ ಬಂತು. ಸಿಡಿದ ಸದ್ದು ನನಗೆ ನೆನಪಿಲ್ಲ, ಆಮೇಲಿನ ಸದ್ದು ನೆನಪಿದೆ. ಕಾರವಾನಿನ ಮೂಲೆ ಕ್ಯಾಬಿನ್ನಿನ ತಗಡನ್ನು ಮಡಚಿಕೊಂಡು ಬಂದು ಸೀಟಿನ ತಲೆದಿಂಬಿಗೆ ತಾಗಿ ನಿಂತ ಸದ್ದು. ಅನು ನನ್ನ ತೊಡೆಯ ಮೇಲೆ ಬಿದ್ದಿದ್ದಳು. ಕೂದಲ ತುಂಬ ಗಾಜಿನ ಹರಳು. ಮುಖ ಎಲ್ಲಿದೆ ಎಂದು ಗೊತ್ತಾಗದಷ್ಟು ರಕ್ತ. ಅಳಲಿಲ್ಲ. ಅಯ್ಯೋ, ಅಳು ಮಗಳೇ, ಒಂದು ಸಲ ಅಳು ಎಂದು ನಾನೇ ಅರಚುತ್ತಿದ್ದೆ.

ನಮ್ಮವರು ಒಮ್ಮೆ ಹಿಂದಿರುಗಿ ನೋಡಿದರು. ಬಾಗಿಲು ಒದ್ದು ಇಳಿದರು. ಚಕ್ರಕ್ಕೆ ಕೊಡುವ ಮರದ ದಿಮ್ಮಿ ಅವರ ಕಾಲ ಬಳಿಯೇ ಇತ್ತು.

"ಅತ್ತ ಅಂದೀಯಲ್ಲೋ! ಕಣ್ಣಿಗೆ ಏನಾಗಿತ್ತೋ ಮಗನ! ಅತ್ತ ಅಂದೀಯಲ್ಲೋ!"

ಮೊದಲ ಏಟು ಸಂಜೀವಣ್ಣನ ದವಡೆಗೆ ಬಿತ್ತು. ಅವರು ಕೆಸರಿಗೆ ಕುಸಿದರು. ನಮ್ಮವರು ಮೇಲೆ ಕೂತು ಹೊಡೆದರು. ಮರ ಕೈಜಾರಿದ ಮೇಲೆ ಮುಷ್ಟಿಯಿಂದ ಹೊಡೆದರು. ಸಂಜೀವಣ್ಣ ಕೈಯೆತ್ತಿ ತಡೆದರೇ ವಿನಾ ತಿರುಗಿ ಹೊಡೆಯಲಿಲ್ಲ. ಏನೋ ಹೇಳಲು ಹೋಗುತ್ತಿದ್ದರು, ಬಾಯಿಂದ ರಕ್ತವೂ ಹಲ್ಲೂ ಬಂದವು. ಇಬ್ಬರೂ ಉರುಳಿ ಇಳಿಜಾರಿನ ಅಂಚಿಗೆ ಹೋದಾಗ ಆ ಪಠಾಣ ಓಡಿ ಬಂದು ನಮ್ಮವರ ಕುತ್ತಿಗೆಗೆ ಕೈ ಹಾಕಿ ಎಳೆದು ಬಿಸಾಕಿದ. "ಪಾಗಲ್ ಹೈ ಕ್ಯಾ? ಬಚ್ಚೀ ಕೋ ದೇಖೋ!" ಎಂದು ಅಬ್ಬರಿಸಿದ. ಆಗ ಅನು ಅತ್ತಳು. ಸಣ್ಣಗೆ, ಬೆಕ್ಕಿನ ಮರಿಯ ಹಾಗೆ. ಎಲ್ಲರೂ ಅಲ್ಲಲ್ಲೇ ನಿಂತುಬಿಟ್ಟರು.

ಟ್ಯಾಂಕರಿನಲ್ಲೇ ನಮ್ಮೆಲ್ಲರನ್ನೂ ತುಂಬಿಕೊಂಡು ಆ ಪುಣ್ಯಾತ್ಮ ಹಿಂದು ಹಿಂದಕ್ಕೇ ಹೋಗಿ ರಸ್ತೆ ಮುಟ್ಟಿಸಿದ. ಸಲಾಲಾದ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಹೆಸರೂ ಹೇಳದೆ ಹೋದ.

ಅನುವಿನ ಹಣೆಗೆ, ಕೆನ್ನೆಗೆ ಹೊಲಿಗೆ. ಎಡಗಣ್ಣಿನೊಳಗೆ ಗಾಜು ಹೊಕ್ಕಿತ್ತು. ಕಣ್ಣು ಉಳಿಯುತ್ತದೋ ಇಲ್ಲವೋ ಈಗ ಹೇಳುವಂತಿಲ್ಲ ಎಂದು ಡಾಕ್ಟರು ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ನಮ್ಮವರು ಪಕ್ಕದಲ್ಲಿ ಬಂದು ಕೂತರು. "ಅಂವಾ ಅತ್ತ ಅಂದಾ, ಸುಮಾ. ನೀನೂ ಕೇಳಿದಿಲ್ಲ?" ಎಂದರು. ಅದನ್ನೇ ಮತ್ತೆ ಮತ್ತೆ ಅಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಅವರ ಕಪಾಳಕ್ಕೆ ಬಾರಿಸಿದೆ. ಮದುವೆಯಾದಂದಿನಿಂದ ಎಷ್ಟು ಜಗಳವಾಡಿದ್ದರೂ ಕೈಯೆತ್ತಿದ್ದು ಅದೇ ಮೊದಲು. ಅವರು ಕೆನ್ನೆ ಕೂಡ ಮುಟ್ಟಿಕೊಳ್ಳಲಿಲ್ಲ.

ಸಂಜೆಯ ವಿಮಾನಕ್ಕೆ ಬಂದ ವನಿತಕ್ಕ ನೇರ ಆಸ್ಪತ್ರೆಗೆ ಬಂದರು. ಅವರ ಕೈಯಲ್ಲಿ ಅನುವಿಗೆಂದು ತಂದ ನೀಲಿ ಕೊಡೆ ಇತ್ತು. ಸಂಜೀವಣ್ಣ ಎದುರಿನ ವಾರ್ಡಿನಲ್ಲಿ, ದವಡೆ ಮುರಿದು, ಮುಖ ಊದಿ, ಬಾಯಿ ಅಗಲಿಸಲಾರದೆ ಮಲಗಿದ್ದರು. ಅಪಘಾತವೆಂದ ಮೇಲೆ ಪೊಲೀಸರು ಬರಲೇಬೇಕಲ್ಲ, ಒಬ್ಬ ಅಧಿಕಾರಿ ಬಂದ. ಸಮಾಧಾನದ ಮನುಷ್ಯ, ಹಿಂದಿ ಚೆನ್ನಾಗಿ ಆಡುತ್ತಿದ್ದ. ನಮ್ಮನ್ನೂ ಸಂಜೀವಣ್ಣನ ಮಂಚದ ಬಳಿಗೆ ಕರೆದ. ನಮ್ಮವರ ಮುಷ್ಟಿಯ ಗಂಟುಗಳು ಒಡೆದಿದ್ದವು. ಅದನ್ನು ಒಮ್ಮೆ ನೋಡಿದ, ಸಂಜೀವಣ್ಣನ ಮುಖವನ್ನು ಒಮ್ಮೆ ನೋಡಿದ.

ನಮ್ಮವರತ್ತ ಬೆರಳು ತೋರಿಸಿ, "ಇಸ್ ನೇ ಮಾರಾ?" ಎಂದು ಸಂಜೀವಣ್ಣನನ್ನು ಕೇಳಿದ.

ಹೌದು ಎಂದು ತಲೆಯಾಡಿಸಿದ್ದರೆ ನಮ್ಮವರು ಅಲ್ಲಿಂದಲೇ ಜೈಲಿಗೆ. ಆಡಿಸಬೇಕಾಗಿಯೂ ಇತ್ತು, ನಾನಾಗಿದ್ದರೆ ಆಡಿಸುತ್ತಿದ್ದೆ. ಸಂಜೀವಣ್ಣ ಕಟ್ಟಿದ ದವಡೆಯೊಳಗಿಂದ ಗಾಳಿ ಹೊರಡಿಸಿ ಒಂದು ಮಾತು ಹೇಳಿದರು.

"ಅತ್ತ್."

"ಕ್ಯಾ?" ಎಂದ ಅಧಿಕಾರಿ.

"ಅತ್ತ್, ಅತ್ತ್." ಸೂಜಿ ಚುಚ್ಚಿದ್ದ ಕೈಯನ್ನು ಎತ್ತಿ ಆಚೀಚೆ ಬೀಸಿದರು. ಆಮೇಲೆ ಎರಡೂ ಅಂಗೈ ಜಾರಿಸಿ, ಒಂದಕ್ಕೊಂದು ಡಿಕ್ಕಿ ಹೊಡೆಸಿ, ಕಾರವಾನು ಬಡಿದದ್ದು ಎಂದು ತೋರಿಸಿದರು.

ವನಿತಕ್ಕ ಗಂಡನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತಾಗಿತ್ತು. ಹಲ್ಲು ಕಚ್ಚಿಕೊಂಡು, "ನಹೀ ಬೋಲ್ ರಹೇ ಹೈಂ," ಎಂದರು. ಅಧಿಕಾರಿ ಇನ್ನೊಮ್ಮೆ ಎಲ್ಲರ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಬರೆದುಕೊಂಡು ಹೋದ.

"ಏನಂದ್ರು ಅವರು?" ಎಂದು ಕೇಳಿದರು ನಮ್ಮವರು. "ವನಿತಕ್ಕಾರ, ಏನಂದ್ರು?"

"ಅಲ್ಲ ಅಂದ್ರು. ಅತ್ತ್ ಅಂದ್ರೆ ಅಲ್ಲ ಅಂತ! ನೀವು ಹೊಡೆದದ್ದು ಅಲ್ಲಂತೆ. ಕೇಳಿತಾ ನಿಮಗೆ? ನಾಚಿಕೆ ಆಗ್ಬೇಕು ಮನುಷ್ಯ ಅಂದ್ರೆ!"

ತುಳುವಿನಲ್ಲಿ ಇಲ್ಲ ಅನ್ನುವುದಕ್ಕೆ ಇಜ್ಜಿ ಎನ್ನುತ್ತಾರೆಂದು ನಮಗೂ ಗೊತ್ತಿತ್ತು. ಎದುರುಬದುರು ಮನೆ, ಅಷ್ಟಾದರೂ ಕಿವಿಗೆ ಬಿದ್ದಿತ್ತು. ಅಲ್ಲ ಅನ್ನುವುದಕ್ಕೆ ಬೇರೆಯೇ ಮಾತಿದೆ ಎಂದು ಗೊತ್ತಿರಲಿಲ್ಲ. ಜೀವ ಬಾಯಿಗೆ ಬಂದಾಗ ಯಾರಿಗೆ ನೆನಪಿರುತ್ತದೆ ಕಲಿಸಿದ ಮೂರು ಮಾತು? ತಾಯಿಯ ಮಾತೇ ಬಂದಿತ್ತು. ಆ ಗಾಡಿಯಲ್ಲಿ ಅದು ಅರ್ಥವಾಗುವವಳು ಒಬ್ಬಳೇ ಇದ್ದಳು. ಹೆದರಿ ಕಿರುಚಿದಳು ಎಂದು ನಾನಂದುಕೊಂಡಿದ್ದೆ. ಅವಳು ಅಪ್ಪನಿಗೆ ಅರ್ಥ ಹೇಳುತ್ತಿದ್ದಳು.

ನಮ್ಮವರು ಮಂಚದ ಕಬ್ಬಿಣ ಹಿಡಿದುಕೊಂಡು ಕೆಳಕ್ಕೆ ಕುಸಿದರು. ಸಂಜೀವಣ್ಣ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಪೊಲೀಸರಿಂದ ಉಳಿಸಿದವರು ಮಾತಾಡಿಸಲು ಒಪ್ಪಲಿಲ್ಲ, ಅದು ಬೇರೆ, ಇದು ಬೇರೆ.

ಅನುವಿನ ಕಣ್ಣಿಗೆ ಎರಡು ಸಲ ಆಪರೇಷನ್ ಆಯಿತು. ಹೊರಗೆ ಮಂಜು ಒಂದು ದಿನವೂ ಕರಗಲಿಲ್ಲ. ವನಿತಕ್ಕ ಬೆಳಿಗ್ಗೆ ಗಂಡನಿಗೆ ನಳಿಗೆಯಲ್ಲಿ ಗಂಜಿ ಕುಡಿಸಿ, ಆಮೇಲೆ ಅನುವಿನ ಹತ್ತಿರ ಬಂದು ಕೂರುತ್ತಿದ್ದರು. ಮೊದಲ ದಿನವೇ ನನಗೆ ಹೇಳಿದ್ದರು: "ಸುಮಾ, ನಿನ್ನ ಗಂಡ ನನ್ನ ಕಣ್ಣಿಗೆ ಬೀಳ್ಬಾರ್ದು. ಬಿದ್ರೆ ನಾನು ಎಂತ ಮಾಡ್ತೇನೆ ಅಂತ ನನಗೇ ಗೊತ್ತಿಲ್ಲ. ನಾನು ಇಲ್ಲಿರುವಾಗ ಆ ಮನುಷ್ಯ ಒಳಗೆ ಕಾಲಿಡ್ಬಾರ್ದು." ನಾನು ಹೂಂ ಎಂದೆ. ನಮ್ಮವರು ಕಾರಿಡಾರಿನಲ್ಲೇ ಇದ್ದರು. ವನಿತಕ್ಕ ಊಟಕ್ಕೆ ಹೋದಾಗ ಕಳ್ಳನ ಹಾಗೆ ಬಂದು, ಮಗಳ ಕಾಲು ಮುಟ್ಟಿ ಹೋಗುವರು.

ಪಟ್ಟಿ ಬಿಚ್ಚುವ ದಿನ ವನಿತಕ್ಕ ಮಂಚದ ಒಂದು ಬದಿಗೆ, ನಾನು ಇನ್ನೊಂದು ಬದಿಗೆ. ಬಾಗಿಲು ತೆರೆದೇ ಇತ್ತು. ಹೊಸ್ತಿಲಾಚೆ ನಮ್ಮವರು ಗೋಡೆಗಂಟಿ ನಿಂತಿದ್ದರು. ಕ್ಷೌರವಿಲ್ಲ, ಇಳಿದುಹೋಗಿದ್ದರು. ಡಾಕ್ಟರಮ್ಮ ಹತ್ತಿ ತೆಗೆದು, ಅನುವಿನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಕಣ್ಣು ತೆರೆ, ಏನು ಕಾಣುತ್ತದೆ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅನು ರೆಪ್ಪೆ ಬಡಿದು ಬಾಗಿಲ ಕಡೆ ತಿರುಗಿದಳು. ವನಿತಕ್ಕನ ಬೆರಳು ನನ್ನ ಮಣಿಕಟ್ಟನ್ನು ಯಾವಾಗ ಹಿಡಿದವೋ ಗೊತ್ತಿಲ್ಲ, ಉಗುರು ನಾಟಿತ್ತು.

"ಬಾಗಿಲಲ್ಲಿ ಯಾರೋ ಇದಾರೆ," ಎಂದಳು ಅನು. ಕನ್ನಡದಲ್ಲೇ ಹೇಳಿದಳು. ಡಾಕ್ಟರಮ್ಮ ಅರ್ಥವಾಗದೆ ನನ್ನ ಮುಖ ನೋಡಿದರು.

"ಯಾರು ಬಾಲೆ?" ಎಂದರು ವನಿತಕ್ಕ.

"ಮುಖ ಕಾಣ್ತಿಲ್ಲ. ಬರೀ ಆಕಾರ." ಕಣ್ಣು ಕಿರಿದು ಮಾಡಿ ನೋಡಿದಳು. "ಸಂಜು ಅಂಕಲ್ ಅಲ್ವಾ?"

ನಮ್ಮವರು ಹೊಸ್ತಿಲಾಚೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು ವನಿತಕ್ಕನನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಇಷ್ಟು ದಿನ ಮುಖ ನೋಡದಿದ್ದ ಮನುಷ್ಯನ ಕಡೆ ನೇರ ತಿರುಗಿದರು.

"ಅಲ್ಲೇ ನಿಂತ್ರೆ ಅವಳಿಗೆ ಹೇಗೆ ಗೊತ್ತಾಗುದು? ಒಳಗೆ ಬನ್ನಿ," ಎಂದರು.

ನಮ್ಮವರು ಒಂದು ಹೆಜ್ಜೆ ಇಟ್ಟು ನಿಂತರು.

"ಇನ್ನೂ ಹತ್ರ," ಎಂದರು ವನಿತಕ್ಕ.